ಚೌಡತ್ತೆಯ ಅಗ್ಗದ ರಿವಾಲ್ವರ್

ಗುಂಡು ಹೊಡೆಯುವ ಮುಂಚೆ ಚೌಡತ್ತೆ ಮುಡಿಯಲ್ಲಿದ್ದ ಕನಕಾಂಬರ ತೆಗೆದು ಮೇಜಿನ ಮೇಲಿಡುತ್ತಿದ್ದಳು. ಸದ್ದು ಕೇಳದಂತೆ ಕಿವಿಗೆ ಹಾಕುವ ದಪ್ಪ ಮುಚ್ಚಳಗಳ ಪಟ್ಟಿ ತಲೆಯ ಮೇಲೆ ಬಂದರೆ ಹೂವು ನಲುಗುತ್ತದೆ ಎಂಬುದು ಅವಳ ಚಿಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ರಿವಾಲ್ವರ್ ಎತ್ತುವಳು. ಗುಂಡುಗಳು ಮುಗಿದ ಮೇಲೆ ಗುಂಡು ತುಂಬುವ ಉರುಳೆ ತೆರೆದು, ಒಳಗೆ ಏನೂ ಉಳಿದಿಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿ, ಮತ್ತೆ ಹೂ ಮುಡಿಯುವಳು. ಸೇಲಂನ ರೈಫಲ್ ಕ್ಲಬ್ಬಿನಲ್ಲಿ ಜೀನ್ಸ್ ತೊಟ್ಟ ಕಾಲೇಜು ಹುಡುಗಿಯರ ಪಕ್ಕದಲ್ಲಿ ಹೀಗೆ ನಿಂತಿದ್ದ ನೂಲಿನ ಸೀರೆಯ ಮುದುಕಿ ನನ್ನ ಅಪ್ಪನ ಅಕ್ಕ.

ನಮ್ಮದು ಸೇಲಂನಲ್ಲಿ ಮಗ್ಗ ನೇಯ್ದುಕೊಂಡು ಬಂದ ಕನ್ನಡದ ಮನೆ. ಅತ್ತೆಯ ಗಂಡ ಮಗ್ಗ ಬಿಟ್ಟು ಬೆಳ್ಳಿ ಕಾಲ್ಗೆಜ್ಜೆ ಮಾಡಿಸುವ ಕೆಲಸಕ್ಕೆ ಇಳಿದರು. ಗೆಜ್ಜೆಗೆ ನಮ್ಮ ಕಡೆ ಕೊಲುಸು ಅಂತಲೇ ಹೇಳುವುದು. ಮನೆಯ ಹಿಂಭಾಗವೇ ಪಟ್ಟರೆ, ಅಂದರೆ ಕೆಲಸದ ಕೋಣೆ. ಮನೆಯಲ್ಲಿ ಸದಾ ಬೆಳ್ಳಿ ಇರುತ್ತಿತ್ತು. ಪಕ್ಕದ ಬೀದಿಯ ಪಟ್ಟರೆಯೊಂದಕ್ಕೆ ಕಳ್ಳರು ನುಗ್ಗಿ ಯಜಮಾನರ ಕೈ ಮುರಿದು ಹೋದ ಮೇಲೆ ಮಾವ ಲೈಸೆನ್ಸ್ ಮಾಡಿಸಿದರು. ಅಗ್ಗಕ್ಕೆ ಸಿಕ್ಕಿತೆಂದು ಯಾರದೋ ಹಳೆಯ ರಿವಾಲ್ವರನ್ನು ಅಂಗಡಿಯಿಂದ ತಂದರು. ಅದರ ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಮರದ ಹಿಡಿ ಸೀಳು ಬಿಟ್ಟಿತ್ತು, ಬೆರಳಿಟ್ಟು ಎಳೆಯುವ ಕುದುರೆ ಬಲು ಬಿಗಿ. "ಅದು ಎಮ್ಮೆ ಇದ್ದಂಗೆ ಕಣಮ್ಮಣಿ. ದಬಾಯಿಸಿ ಎಳುದ್ರೆ ಬರಾಕಿಲ್ಲ. ಮೆತ್ತುಗೆ ಕರೀಬೇಕು," ಎನ್ನುತ್ತಿದ್ದಳು ಅತ್ತೆ.

ಮಾವ ತೀರಿಕೊಂಡಾಗ ಬಂದೂಕನ್ನು ಪೊಲೀಸಿಗೆ ಒಪ್ಪಿಸಿಬಿಡೆಂದು ನೆಂಟರೆಲ್ಲ ಹೇಳಿದರು. ಅತ್ತೆ ಪಟ್ಟರೆಯನ್ನೂ ಬಿಡಲಿಲ್ಲ, ಬಂದೂಕನ್ನೂ ಬಿಡಲಿಲ್ಲ. ತನ್ನ ಹೆಸರಿಗೆ ಲೈಸೆನ್ಸ್ ಕೇಳಿ ಕಲೆಕ್ಟರ್ ಆಫೀಸಿಗೆ ಅಲೆದಳು. ಅಲ್ಲಿನ ಅಧಿಕಾರಿ ನಕ್ಕು, "ಇಂದ ವಯಸುಲ ಉಂಗಳುಕ್ಕು ಎದುಕ್ಕಮ್ಮಾ ತುಪ್ಪಾಕಿ?" ಎಂದು ತಮಿಳಿನಲ್ಲಿ ಕೇಳಿದರಂತೆ. ಈ ವಯಸ್ಸಿನಲ್ಲಿ ನಿಮಗೇಕೆ ಬಂದೂಕು ಅಂತ. ತಾನು ಕೊಟ್ಟ ಉತ್ತರವನ್ನು ಅತ್ತೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು: "ಸಾರ್, ಕಳ್ಳ ಬಂದೋನು ನನ್ ವಯಸ್ ಕೇಳ್ಕಂಡಾ ಬತ್ತಾನೆ ಅಂದೆ. ಆವಪ್ಪ ನಗೋದ್ ನಿಲ್ಲಿಸ್ಬುಟ್ಟ."

ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇದ್ದವರು ಬಂದೂಕನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಊಟದ ಬುಟ್ಟಿಯಲ್ಲಿಟ್ಟು, ಟೌನ್ ಬಸ್ಸಿನಲ್ಲಿ ಹೊರಡುವಳು. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಬುಟ್ಟಿಯನ್ನು ಕಾಲಿನಿಂದ ಸೀಟಿನಡಿಗೆ ನೂಕಲು ಹೋದ. "ಒದೀಬ್ಯಾಡಪ್ಪಾ, ಒಳ್ಗೆ ದೊಡ್ಡೋರ್ ಅವ್ರೆ," ಎಂದಳು. ಅವನು ದೇವರ ಪಟವೆಂದುಕೊಂಡು ಬುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡ! ಠಾಣೆಯ ಪೊಲೀಸ್ ಹುಡುಗ, "ಗುಂಡು ಇಲ್ಲ ತಾನೇ ಪಾಟಿ?" ಎಂದು ತಮಿಳರು ಅಜ್ಜಿಯನ್ನು ಕರೆಯುವಂತೆ ಕರೆದು ಕೇಳಿದಾಗ ಮಾತ್ರ ಅವಳ ಮುಖ ಗಟ್ಟಿಯಾಯಿತು. ಉರುಳೆ ತೆರೆದು ಅವನ ಕಣ್ಣೆದುರು ಹಿಡಿದಳು. "ನೀನೇ ನೋಡ್ಕಳಪ್ಪಾ. ತುಪಾಕಿ ವಿಸ್ಯದಾಗೆ ಯಾರ್ ಮಾತೂ ನಂಬಬಾರ್ದು. ನಂದೂ ನಂಬಬ್ಯಾಡ."

ಇದೆಲ್ಲ ನನಗೆ ಆಗ ತಮಾಷೆಯಾಗಿತ್ತು. ಅವಳು ಎಂಥವಳೆಂದು ಗೊತ್ತಾದದ್ದು ನನ್ನ ಮದುವೆ ಕೆಟ್ಟಾಗ.

ನನ್ನನ್ನು ಮೆಟ್ಟೂರಿಗೆ ಕೊಟ್ಟಿದ್ದರು. ಗಂಡನಿಗೆ ಅಲ್ಲೊಂದು ಕಾರ್ಖಾನೆಯಲ್ಲಿ ಕೆಲಸ. ಹೊಡೆಯುತ್ತಿದ್ದ. ತವರಿಗೆ ಹೋದರೆ, ಹೊಂದಿಕೊಂಡು ಹೋಗು ಎಂದು ಅಪ್ಪನೇ ಮತ್ತೆ ಬಸ್ಸು ಹತ್ತಿಸುತ್ತಿದ್ದರು. ಒಂದು ಬೆಳಗ್ಗೆ ತುಟಿ ಒಡೆದುಕೊಂಡು ಸೇಲಂ ಬಸ್ಸು ಹತ್ತಿದವಳು ಅಪ್ಪನ ಮನೆ ದಾಟಿ ಅತ್ತೆಯ ಮನೆಗೆ ಹೋದೆ. ಅವಳು ಮುಖ ನೋಡಿದಳು, ಏನಾಯಿತೆಂದು ಕೇಳಲಿಲ್ಲ. "ಖಾರ ತಿನ್ನಾಕಾಗಾಕಿಲ್ಲ ನಿಂಗೆ," ಎಂದು ಮಜ್ಜಿಗೆ ಅನ್ನ ಕಲಸಿ ಕೊಟ್ಟಳು.

ವಾರ ಕಳೆಯುವಷ್ಟರಲ್ಲಿ ಗಂಡ ತನ್ನ ಅಣ್ಣನನ್ನು ಕರೆದುಕೊಂಡು ಕಾರಿನಲ್ಲಿ ಬಂದ. ಮಧ್ಯಾಹ್ನ, ಪಟ್ಟರೆಯವರೆಲ್ಲ ಊಟಕ್ಕೆ ಹೋಗಿದ್ದರು. ಅವನು ಜಗುಲಿಯ ಕಬ್ಬಿಣದ ಗೇಟು ಹಿಡಿದು ಅಲುಗಿಸಿದ ಸದ್ದಿಗೆ ನಾನು ಒಳಗೋಡಿ, ರಿವಾಲ್ವರ್ ಇದ್ದ ಬೀರುವಿನ ಮುಂದೆ ನಿಂತು, "ಅತ್ತೆ, ತುಪಾಕಿ ತಕ್ಕೋ! ಅವ್ನು ನನ್ನ ಕೊಂದಾಕ್ತಾನೆ," ಎಂದು ಅಳತೊಡಗಿದೆ. ಅವಳು ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡಳು. ತೆಗೆಯಲಿಲ್ಲ. ಪೊಲೀಸಿಗೆ ಫೋನು ಮಾಡಿ ವಿಳಾಸ ಹೇಳಿದಳು. ಗೇಟಿಗೆ ಒಳಗಿನಿಂದ ಬೀಗ ಜಡಿದು, ಅದರ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.

"ಏ ಕೆಳವಿ, ಮುದ್ಕಿ, ಮನ್ಯಾಗೆ ತುಪಾಕಿ ಐತೆ ಅಂತ ಕೊಬ್ಬಾ ನಿಂಗೆ?" ಎಂದು ಗಂಡ ಕಿರುಚಿದ.

"ಐತೆ. ಬೀರುನಾಗೆ ಐತೆ," ಎಂದಳು ಅತ್ತೆ, ಅಡುಗೆಗೆ ಏನು ಮಾಡಿದ್ದೀಯೆಂದು ಕೇಳಿದವರಿಗೆ ಹೇಳುವ ದನಿಯಲ್ಲಿ. "ಅದು ಅಲ್ಲೇ ಇರ್ಲಿ ಅಂತಾನೇ ನಾನ್ ಇಲ್ಲಿ ಕುಂತಿವ್ನಿ. ಗೇಟ್ ಮುರ್ದು ಒಳ್ಗೆ ಬಂದ್ರೆ ಮಾತ್ರ ಎದ್ದೋಗ್ಬೇಕಾಯ್ತದೆ. ನನ್ನ ಏಳಿಸ್ಬ್ಯಾಡ."

ಅವನ ಕೈ ಸರಳಿನ ಮೇಲೆ ಹಾಗೇ ನಿಂತಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಆಗ ಅತ್ತೆ ಹಿಂದಕ್ಕೆ ತಿರುಗದೆಯೇ ನನ್ನನ್ನು ಕರೆದಳು. "ಅಮ್ಮಣಿ, ಬಾ ಇಲ್ಲಿ. ಓಯ್ತಿಯೋ ಇಲ್ವೋ ನೀನೇ ಹೇಳು. ನಾನ್ ಹೇಳುದ್ರೆ ನನ್ ಮಾತಾಯ್ತದೆ."

ಹೋದೆ. ಕುರ್ಚಿಯ ಬೆನ್ನು ಹಿಡಿದು ನಿಂತೆ. "ನಾನು ಬರಾಕಿಲ್ಲ," ಎಂದೆ. ದನಿ ಹೊರಡಲಿಲ್ಲ. "ಕೇಳಿಸ್ಲಿಲ್ಲ ಅವ್ರಿಗೆ," ಎಂದಳು ಅತ್ತೆ. ಎರಡನೇ ಸಲ ಬೀದಿಗೆಲ್ಲ ಕೇಳುವಂತೆ ಹೇಳಿದೆ. ಮದುವೆಯಾದಾಗಿನಿಂದ ನಾನು ಅವನೆದುರು ಎತ್ತರದ ದನಿಯಲ್ಲಿ ಆಡಿದ ಮೊದಲ ಮಾತು ಅದು. ಅವನ ಅಣ್ಣನೇ ರಟ್ಟೆ ಹಿಡಿದು ಅವನನ್ನು ಕಾರಿಗೆ ಹತ್ತಿಸಿದ. ಪೊಲೀಸರು ಬಂದಾಗ ಅವರು ಹೋಗಿಯಾಗಿತ್ತು. ಅತ್ತೆ ದೂರು ಬರೆಸಿಯೇ ಪೊಲೀಸರನ್ನು ಕಳಿಸಿದಳು. ಮುಂದೆ ಕೋರ್ಟಿನಲ್ಲಿ ಆ ದೂರೇ ನನ್ನನ್ನು ಕಾಪಾಡಿತು.

ಅವರೆಲ್ಲ ಹೋದ ಮೇಲೆ ಕುರ್ಚಿಯಿಂದ ಏಳಲು ಅತ್ತೆಗೆ ಆಗಲಿಲ್ಲ. ನಾನೇ ತೋಳು ಕೊಟ್ಟು ಎಬ್ಬಿಸಿದೆ. "ಯಾಕತ್ತೆ ತೆಗೀಲಿಲ್ಲ?" ಎಂದು ಕೇಳಿದೆ. "ತೆಗುದ್ರೆ ಗುಂಡ್ ಹೊಡೀಬೇಕಾಯ್ತದೆ. ಸುಮ್ನೆ ತೋರಿಸಾಕೆ ಅದೇನು ಕೊಲುಸಾ?"

ಮುಂದಿನ ಭಾನುವಾರ ನನ್ನನ್ನು ಕ್ಲಬ್ಬಿಗೆ ಕರೆದೊಯ್ದಳು. ಹೆಸರು ಸೇರಿಸಿ, ಅಲ್ಲಿಯ ಪಿಸ್ತೂಲನ್ನು ಕೈಗೆ ಕೊಡಿಸಿದಳು. ಕಲಿಸುವ ಮೇಷ್ಟರು ಪಕ್ಕದಲ್ಲಿದ್ದರು. ನನ್ನ ಗುಂಡುಗಳೆಲ್ಲ ಗುರಿಯ ಕಾಗದ ತಪ್ಪಿ ಹಿಂದಿನ ಮಣ್ಣಿನ ದಿಬ್ಬಕ್ಕೇ ಹೋದವು. ಅತ್ತೆ ನನ್ನ ಕಿವಿಯ ಮುಚ್ಚಳ ಸರಿಸಿ ಕೇಳಿದಳು: "ಆ ಕಾಗದದ ಮ್ಯಾಲೆ ಯಾರ್ ಮಕ ಐತೆ?"

ನಾನು ಪಿಸ್ತೂಲನ್ನು ಮೇಜಿನ ಮೇಲಿಟ್ಟೆ.

"ಮೊದ್ಲು ಆ ಮಕ ತಗಿ. ಅದು ಇರೋಗಂಟ ಕೈ ನಡುಗ್ತಾನೇ ಇರ್ತೈತೆ. ಅದು ಬರೀ ಕಾಗದ ಕಣಮ್ಮಣಿ."

ಕಾಗದ ಬರೀ ಕಾಗದವಾಗಲು ಬಹಳ ಭಾನುವಾರಗಳು ಬೇಕಾದವು. ಅಷ್ಟರಲ್ಲಿ ನನಗೆ ಕೊಳತ್ತೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಒಬ್ಬಳೇ ಮನೆ ಮಾಡಿದೆ. ಬಂದೂಕು ಬೇಕೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಅನ್ನಿಸದಂತೆ ಮಾಡಿದವಳು ಅವಳೇ.

ಸಕ್ಕರೆ ಕಾಯಿಲೆ ಅತ್ತೆಯ ಕಣ್ಣಿಗೆ ಇಳಿದಾಗ ಯಾರೂ ಹೇಳದಿದ್ದರೂ ರಿವಾಲ್ವರನ್ನೂ ಲೈಸೆನ್ಸನ್ನೂ ತಾನೇ ಒಪ್ಪಿಸಿದಳು. ಭಯವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಆಯ್ತದೆ. ಆದ್ರೆ ಕಣ್ಣು ಕಾಣ್ದೋಳ ಕೈನಾಗೆ ತುಪಾಕಿ ಇದ್ರೆ ಬೀದಿಗೆಲ್ಲಾ ಭಯ. ಈಗ ನನ್ನೊಬ್ಬಳ್ಗೇ ತಾನೇ? ಪರವಾಯಿಲ್ಲೆ," ಎಂದಳು.

ಕೊನೆಯ ಸಲ ಅವಳನ್ನು ನೋಡಿದ್ದು ಸೇಲಂನ ಆಸ್ಪತ್ರೆಯಲ್ಲಿ. ಕಣ್ಣು ಪೂರಾ ಹೋಗಿತ್ತು. ಮಂಚದ ಪಕ್ಕ ಕುಳಿತು ಕೈ ಹಿಡಿದೆ.

"ಯಾರು?"

"ನಾನು ಅತ್ತೆ."

"ನಾನು ಅಂದ್ರೆ ಯಾರು? ಗಟ್ಟಿಯಾಗಿ ಹೇಳು."

"ನಾನು ಮಂಜುಳಾ, ಅತ್ತೆ!" ಎಂದೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸ್ ಬಾಯಿಗೆ ಬೆರಳಿಟ್ಟು ಗದರಿದಳು. ಅತ್ತೆಯ ಮುಖದ ತುಂಬ ನಗು ಹರಡಿತು.

"ಆಂ," ಎಂದಳು, ನನ್ನ ಕೈಯನ್ನು ಎದೆಯ ಮೇಲೆ ಎಳೆದುಕೊಂಡು. "ಇಷ್ಟು ಜೋರಿದ್ರೆ ಸಾಕು."