ಅತ್ತೆ ತೊಳೆದ ವೀರಗಲ್ಲು

ನನ್ನ ಸೋದರತ್ತೆಯ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ತೆಂಗಿನ ನಾರು ಹಿಡಿದು ಉಜ್ಜಿ ಉಜ್ಜಿ ಅದು ಹೊಳೆಯ ಗುಂಡುಕಲ್ಲಿನಂತೆ ನುಣುಪಾಗಿತ್ತು. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಗುರುತಿಸದೆ ಹೋದಾಗ, "ನಾ ಸತ್ತೇನಂತ ಈ ಡಬ್ಬಿಗಿ ಯಾರ ಹೇಳ್ಯಾರೋ!" ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸುತ್ತಿದ್ದರು.

ಅವರು ಉಜ್ಜುತ್ತಿದ್ದುದು ಒಂದು ವೀರಗಲ್ಲನ್ನು. ಯಡೂರಿನ ಆಚೆ, ಕೃಷ್ಣೆಯ ದಂಡೆಯ ಪುಟ್ಟ ಊರೊಂದರ ಈಶ್ವರ ಗುಡಿಯ ಅಂಗಳದಲ್ಲಿ, ಮಹಾಪೂರದ ಕೆಸರು ತುಂಬಿ ತುಂಬಿ ಅದು ಅರ್ಧ ಹೂತು ನಿಂತಿತ್ತು. ಯಾವುದೋ ಕಾಲದಲ್ಲಿ ಊರಿಗಾಗಿ ಕಾದಿ ಮಡಿದವನ ನೆನಪು. ಹೆಸರು ಯಾರಿಗೂ ತಿಳಿಯದು. ಮದುವೆಯಾಗಿ ಬಂದ ಮರುದಿನವೇ ಅವರ ಗಂಡನ ತಾಯಿ ತಂಬಿಗೆಯನ್ನು ಕೈಗಿತ್ತು, "ಇಂವ ನಮ್ಮನಿ ಹಿರ್ಯಾ. ಹೊಲಸ ಇರಾಕ ಬಿಡಬ್ಯಾಡ" ಎಂದಿದ್ದರಂತೆ.

ಅಂದಿನಿಂದ ಪ್ರತಿ ಸೋಮವಾರ ಹುಣಸೆಹಣ್ಣು, ಇಟ್ಟಂಗಿ ಪುಡಿ, ನೀರು. ಹೊಳೆ ಊರೊಳಗೆ ಬಂದು ಹೋದ ವರ್ಷಗಳಲ್ಲಂತೂ ಮನೆಯ ಕೆಸರು ತೆಗೆಯುವ ಮೊದಲೇ ಅವನ ಮೈ ತೊಳೆಯಬೇಕು. "ಎಷ್ಟ ಕೆಸರ ಮೆತ್ಗೊಂಡಿಯೋ ಧಣೀ, ಎಮ್ಮಿ ಆಗಿಯೇನ?" ಎಂದು ಬೈಯುತ್ತಲೇ ತೊಳೆಯುವರು. ಮಂತ್ರಗಳನ್ನು ಕಲಿತು ಬಂದಿದ್ದ ನಾನು, ಮಂತ್ರವಿಲ್ಲದ ಆ ಪೂಜೆಗೆ ನೀರು ತಂದು ಕೊಡುತ್ತಿದ್ದೆ.

ಈಚಿನ ಮಹಾಪೂರ ಇಳಿದ ಮೇಲೆ, ಅಂಗಳಕ್ಕೆ ಫರಸಿ ಕಲ್ಲು ಹಾಸಲೆಂದು ಗುಡಿಯ ಪಂಚರು ನೆಲ ಅಗೆಸಿದರು. ಕಲ್ಲಿನ ಹೂತ ಭಾಗ ಹೊರಬಂತು. ಸುದ್ದಿ ಕೇಳಿ ಅತ್ತೆ ತಂಬಿಗೆ ಹಿಡಿದು ಧಾವಿಸಿದರು, ನಾನೂ ಜೊತೆಗಿದ್ದೆ. ಕೆಳಗಿನ ಕೆತ್ತನೆಯ ಪಟ್ಟಿಕೆಯಲ್ಲಿ ವೀರನು ಕುದುರೆಯೆದುರು ಕತ್ತಿ ಎತ್ತಿ ನಿಂತಿದ್ದ. ಮೀಸೆ, ಕಿವಿಯ ಕುಂಡಲ, ತುಸು ಬಿರಿದ ತುಟಿ: ಶಿಲ್ಪಿ ಆಗಷ್ಟೇ ಉಳಿಯನ್ನು ಕೆಳಗಿಟ್ಟು ಎದ್ದಂತಿತ್ತು. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ ಸ್ವರ್ಗಕ್ಕೆ ಹೊರಟಿದ್ದ ಅದೇ ವೀರನಿಗೆ ಮುಖವಿರಲಿಲ್ಲ. ನುಣ್ಣನೆಯ ಉಬ್ಬೊಂದು ಮಾತ್ರ ಉಳಿದಿತ್ತು.

ಅತ್ತೆ ಮೇಲೆ ನೋಡಿದರು, ಕೆಳಗೆ ನೋಡಿದರು. ತಂಬಿಗೆಯನ್ನು ನೆಲಕ್ಕಿಟ್ಟರು.

"ಇವಗ ಮೀಸಿ ಅದಾವಲ್ಲೋ, ತಮ್ಮಾ."

"ಹೌದ ಅತ್ತಿ."

"ಮ್ಯಾಲಿನ ಮಾರಿ ನಾ ತಿಕ್ಕಿ ತಿಕ್ಕಿ ಅಳಿಸೇನಿ."

ಮಳೆ, ಗಾಳಿ, ಕಾಲ ಎಂದು ಏನೋ ಸಮಾಧಾನ ಹೇಳಹೋದೆ.

"ಹಂಗ ಅನಬ್ಯಾಡ. ಕೈ ನಂದ" ಎಂದರು.

ಬಳಿಕ ಪಂಚರತ್ತ ತಿರುಗಿ, "ಇದನ್ನ ಮತ್ತ ಮಣ್ಣಾಗ ಮುಚ್ಚರಿ. ಒಂದರೆ ಮಾರಿ ಉಳೀಲಿ" ಎಂದು ಬೇಡಿಕೊಂಡರು.

"ಏನ ಆಯಿ, ಇಷ್ಟ ಚಂದ ದೇವರನ್ನ ಯಾರರೆ ಹೂಳ್ತಾರೇನು?" ಎಂದು ಹಿರಿಯ ಪಂಚರು ನಕ್ಕರು. ಅವರದೂ ಭಕ್ತಿಯೇ. ಕಲ್ಲನ್ನು ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿ ಸಿಮೆಂಟು ಹಾಕಿಸಿದರು.

ಬದುಕಿರುವವರೆಗೂ ಅತ್ತೆ ಸೋಮವಾರ ತಪ್ಪಿಸಲಿಲ್ಲ. ಆದರೆ ಕಲ್ಲಿನ ಹತ್ತಿರ ಹೋಗಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕುಳಿತು, ಎಣ್ಣೆ ಹಚ್ಚಲು ಬಂದವರಿಗೆಲ್ಲ "ಮಾರಿ ಮುಟ್ಟಬ್ಯಾಡ್ರಿ ಯವ್ವಾ" ಎನ್ನುತ್ತಿದ್ದರು. ಕೇಳಿದವರು ಕಡಿಮೆ, ಮುದುಕಿಗೆ ಅರಳುಮರಳು ಎಂದವರೇ ಹೆಚ್ಚು.

ಅವರು ತೀರಿಕೊಂಡ ಮೇಲೆ ಮೊನ್ನೆ ಆ ಊರಿಗೆ ಹೋಗಿದ್ದೆ. ಎಣ್ಣೆ ಕುಂಕುಮಗಳ ಜಿಡ್ಡಿನಲ್ಲಿ ಕುಂಡಲ ಮುಚ್ಚಿಹೋಗಿದೆ. ಜಿಡ್ಡನ್ನು ಕೆರೆದು ತೆಗೆದ ಕಡೆ ಮೀಸೆಯ ಒಂದು ತುದಿ ಹೋಗಿದೆ. ಮುಟ್ಟಿ ನಮಸ್ಕರಿಸುವುದು ನನಗೆ ಬಾಲ್ಯದಿಂದ ಬಂದ ರೂಢಿ. ಚಾಚಿದ ಕೈಯನ್ನು ಹಿಂದೆಗೆದುಕೊಂಡು, ಅತ್ತೆ ಕೂರುತ್ತಿದ್ದ ಮೆಟ್ಟಿಲ ಮೇಲೆ ಕುಳಿತು ದೂರದಿಂದಲೇ ಕೈ ಮುಗಿದೆ.

ಹೆಣ್ಣುಮಗಳೊಬ್ಬಳು ಎಣ್ಣೆಯ ಬಟ್ಟಲು ಹಿಡಿದು ಬಂದಳು.

"ಮಾರಿ ಮುಟ್ಟಬ್ಯಾಡವಾ" ಎಂದೆ.

ಆಕೆ ನನ್ನತ್ತ ಒಮ್ಮೆ ನೋಡಿ, ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು.