ಸುಯಿ ಪಾರ್‌ಳ ಹಿಡಿ ಅಕ್ಕಿ

ಕೆ.ಆರ್. ಪುರದ ನಮ್ಮ ಮನೆಯ ಹಿಂದೆ ನಾಲ್ಕು ಬಾಡಿಗೆ ಕೋಣೆಗಳಿವೆ. ಮೂರನೆಯದರಲ್ಲಿ ಸುಯಿ ಪಾರ್ ಇದ್ದಾಳೆ. ಮ್ಯಾನ್ಮಾರ್‌ನ ಚಿನ್ ಬೆಟ್ಟದ ಕ್ರೈಸ್ತರ ಹುಡುಗಿ. ಇಂದಿರಾನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಮೂರು ವರ್ಷದಲ್ಲಿ ಅವಳು ನಮ್ಮ ಕನ್ನಡ ಕಲಿತಳು. ನನಗೋ ಅವಳ ಊರಿನ ಹೆಸರು ಹೇಳಲು ಇನ್ನೂ ನಾಲಿಗೆ ತಿರುಗುವುದಿಲ್ಲ.

ಹೋದ ತಿಂಗಳು ಅಲ್ಲಿನ ಸೈನ್ಯದ ವಿಮಾನಗಳೇ ಆ ಊರಿನ ಮೇಲೆ ಬಾಂಬು ಹಾಕಿದವು. ಚರ್ಚು ಸುಟ್ಟುಹೋಯಿತು. ಅವಳ ತಾಯಿ ಏನಾದಳೋ ಸುದ್ದಿಯೇ ಇಲ್ಲ. ಸುಯಿ ಮಾತ್ರ ದಿನಾ ಕೆಲಸಕ್ಕೆ ಹೋಗುವಳು, ಬಂದು ಪ್ರಾರ್ಥನೆಗೆ ಕೂರುವಳು. ನನಗೆ ರೇಗಿತು.

"ಇನ್ನೂ ಯಾವ ದೇವ್ರು ಕಣೇ? ಅವನ ಮನೇನೇ ಸುಟ್ಟೋಯ್ತಲ್ಲ!"

"ದೇವ್ರು ಮನೇಲಿ ಕೂತಿರಲ್ಲ ರೇವತಿ ಆಂಟಿ. ಅಮ್ಮನ ಜೊತೆ ಓಡಿರ್ತಾರೆ."

ಬಾಂಬು ಬಿದ್ದ ಹತ್ತೊಂಬತ್ತನೆಯ ದಿನ ಅವಳಿಗೆ ಜ್ವರ ಬಂತು. ಎರಡು ದಿನದಿಂದ ಏನೂ ತಿಂದಿಲ್ಲ ಎಂದು ಗೊತ್ತಾಗಿ ಅವಳ ಕೋಣೆಗೆ ನುಗ್ಗಿದೆ. ಕಿಟಕಿಯ ಹತ್ತಿರದ ತಗಡಿನ ಡಬ್ಬದಲ್ಲಿ ಅಕ್ಕಿ ಕಾಣಿಸಿತು. ಹುಳ ಆರಿಸಿ, ಅಲ್ಲೇ ಗಂಜಿ ಕಾಯಿಸಿ ಕುಡಿಸಿದೆ. ಮಿಕ್ಕಿದ್ದರಿಂದ ಮಾರನೆಯ ದಿನವೂ ಮಾಡಿದೆ. ಜ್ವರ ಇಳಿದ ಮೇಲೆ ಖಾಲಿ ಡಬ್ಬ ನೋಡಿದವಳ ಮುಖ ಬಿಳುಚಿಕೊಂಡಿತು.

"ಆಂಟಿ, ಇದು ಚರ್ಚ್ ಅಕ್ಕಿ!"

ಅವರಲ್ಲಿ ಅನ್ನಕ್ಕಿಡುವ ಪ್ರತಿ ಸಲವೂ ಹೆಂಗಸರು ಒಂದು ಹಿಡಿ ಅಕ್ಕಿ ತೆಗೆದು ಚರ್ಚಿಗೆಂದು ಇಡುತ್ತಾರಂತೆ. ಉಪವಾಸವಿದ್ದರೂ ಮನೆಯವರು ಅದನ್ನು ಮುಟ್ಟುವಂತಿಲ್ಲ. ಊರಿಗೆ ಬಾಂಬು ಬಿದ್ದ ದಿನದಿಂದ ಸುಯಿ ಅದನ್ನು ತಾಯಿಯ ಹೆಸರಿನಲ್ಲಿ ಎತ್ತಿಡುತ್ತಿದ್ದಳು. "ಅಮ್ಮ ಬದುಕಿರ್ಲಿ ಅಂತ ಇಟ್ಟಿದ್ದೆ. ನಾನೇ ತಿಂದ್ಬಿಟ್ಟೆ" ಎಂದು ಗೋಡೆಗೆ ತಲೆ ಆನಿಸಿದಳು.

ಅಯ್ಯೋ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ! ತಿರುಪತಿಯ ಮುಡಿಪಿಗೆ ಕೈಹಾಕಿದಷ್ಟೇ ಹೆದರಿಕೆಯಾಯಿತು. ನಮ್ಮನೆಯ ಸೋನಾ ಮಸೂರಿ ತಂದು ತುಂಬಿಸಲು ಹೋದರೆ ಬೇಡವೆಂದಳು. ಹಿಡಿ ಹಿಡಿಯಾಗಿ ತುಂಬಬೇಕಂತೆ, ತನ್ನ ಊಟದಿಂದಲೇ. ಆದರೆ ಹಿಡಿ ಎತ್ತಲು ಅವಳಿಗೆ ಕೈಯೇ ಬರಲಿಲ್ಲ. ಪ್ರಾರ್ಥನೆಗೂ ಕೂರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ನಾಲ್ಕು ದಿನ ಕಳೆದು, ಭಾನುವಾರ ಬೆಳಗ್ಗೆ ಫೋನ್ ಬಂತು. ತಾಯಿ! ಗಡಿ ದಾಟಿ ಮಿಜೋರಾಂ ಸೇರಿದ್ದಳು, ಯಾರದ್ದೋ ಫೋನಿನಲ್ಲಿ ಮಾತಾಡುತ್ತಿದ್ದಳು. ಸುಯಿ ಅಳುತ್ತಾ, ನಗುತ್ತಾ ಇದ್ದವಳು ಥಟ್ಟನೆ ಖಾಲಿ ಡಬ್ಬದ ಕಡೆ ನೋಡಿದಳು.

"ಏನಂತೆ?" ಎಂದೆ.

"ಹಿಡಿ ಅಕ್ಕಿ ಎತ್ತಿಡ್ತಾ ಇದೀಯಾ ಅಂತ ಕೇಳ್ತಿದಾರೆ."

ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಆಚೆ ಮುದುಕಿ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು. ಸುಯಿ ನನ್ನ ಕಡೆ ತಿರುಗಿದಳು.

"ಅವರೂ ತಿಂದ್ರಂತೆ ಆಂಟಿ. ಚರ್ಚ್ ಸುಡೋ ಮುಂಚೆ ಹೆಂಗಸ್ರು ಆ ಅಕ್ಕಿ ಮೂಟೆ ಹೊತ್ಕೊಂಡು ಓಡಿದ್ರಂತೆ. ಕಾಡಲ್ಲಿ ಹನ್ನೊಂದು ದಿನ ಇಡೀ ಊರು ಅದನ್ನೇ ತಿಂದು ಬದುಕಿದ್ದಂತೆ."

ಮಧ್ಯಾಹ್ನ ಸುಯಿ ಅನ್ನಕ್ಕಿಟ್ಟಳು. ಖಾಲಿ ಡಬ್ಬಕ್ಕೆ ಹಿಡಿ ಅಕ್ಕಿ ಬಿದ್ದ ಸದ್ದು ನನ್ನ ಅಡುಗೆಮನೆಯವರೆಗೂ ಕೇಳಿತು.