ಮೂರನೆಯ ಸರ್ವರಿನ ಸಹಿ

ಶರಣಪ್ಪಣ್ಣ, ಆ ಮೂರನೆಯ ಸರ್ವರಿಗೆ ನಾನು ಪ್ಯಾಚ್ ಹಾಕಿರಲಿಲ್ಲ. ಹಾಕಿದ್ದೇನೆ ಎಂದು ರಿಜಿಸ್ಟರಿನಲ್ಲಿ ಬರೆದೆ. ಆಮೇಲೆ ಅದೇ ತೂತಿನಿಂದ ಒಳಗೆ ಕೈ ಹಾಕಿದವಳೂ ನಾನೇ. ಆರು ವರ್ಷ ಜನ ನಿಮ್ಮನ್ನು ಕಳ್ಳನೆಂದು ಕಂಡರು, ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬರೆದುಬಿಟ್ಟೆ. ಇದಕ್ಕೆ ಮುಂಚೆ ನಾಲ್ಕು ಸಲ, "ನಿಮಗೆ ನೆನಪಿರಬಹುದು" ಎಂದು ಸುತ್ತು ಬಳಸಿ ಶುರುಮಾಡಿ ಹರಿದುಹಾಕಿದ್ದೇನೆ. ನೆನಪಿಲ್ಲದೆ ಏನು!

ಈ ಕಾಗದವನ್ನು ನಿಮ್ಮ ಮಗಳೂ ಓದಬೇಕೆಂಬುದು ನನ್ನ ಆಸೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ. ಸಿಕಂದರಾಬಾದಿನ ಆ ಆಫೀಸಿನಲ್ಲಿ ಡೇಟಾಬೇಸ್ ಸರ್ವರುಗಳನ್ನು ನೋಡಿಕೊಳ್ಳುವವರು ನಾವಿಬ್ಬರು — ನೀವು ಹಿರಿಯರು, ನಾನು ನಿಮ್ಮ ಕೈಕೆಳಗೆ ಕಲಿತವಳು. ಕಂಪನಿಯ ಮಾಹಿತಿಯೆಲ್ಲ ಆ ಸರ್ವರುಗಳಲ್ಲಿ. ಯಾರು ಯಾವುದನ್ನು ನೋಡಬಹುದು, ಯಾವುದನ್ನು ಮುಟ್ಟಬಹುದು ಎಂದು ಪ್ರತಿ ಖಾತೆಗೂ ಒಂದು ಮಿತಿ. ಮಿತಿಯೇ ಇಲ್ಲದ ಖಾತೆ ನಿಮ್ಮದೊಂದೇ. ಆ ವರ್ಷ ಆ ಸಾಫ್ಟ್‌ವೇರಿನಲ್ಲೇ ಒಂದು ದೋಷ ಪತ್ತೆಯಾಯಿತು. ಸಣ್ಣ ಖಾತೆಯವರು ಒಂದು ಆಜ್ಞೆಯನ್ನು ಉಪಾಯವಾಗಿ ಅಡಗಿಸಿಟ್ಟರೆ, ದೊಡ್ಡ ಖಾತೆ ತನ್ನ ದಿನದ ಕೆಲಸ ನಡೆಸುವಾಗ ಅದನ್ನೂ ತನ್ನದೆಂದೇ ನಡೆಸಿಬಿಡುತ್ತಿತ್ತು. ದಾಖಲೆಯಲ್ಲಿ ಉಳಿಯುವುದು ದೊಡ್ಡ ಖಾತೆಯ ಹೆಸರು ಮಾತ್ರ. ಆ ದೋಷ ಮುಚ್ಚುವ ಪ್ಯಾಚನ್ನು ಮೂರೂ ಸರ್ವರಿಗೆ ಹಾಕಲು ನೀವು ನನಗೆ ಹೇಳಿದಿರಿ, ಪ್ಯಾಚ್ ಹಾಕುವ, ತೆಗೆಯುವ ಅನುಮತಿಯನ್ನೂ ಶುಕ್ರವಾರದವರೆಗೆ ಕೊಟ್ಟಿರಿ.

ಎರಡಕ್ಕೆ ಹಾಕಿದೆ. ಮೂರನೆಯದು ಸಿಬ್ಬಂದಿ ವಿಭಾಗದ್ದು. ಎಲ್ಲರ ಕೆಲಸದ ಬಗ್ಗೆ ಮೇಲಿನವರು ಗುಟ್ಟಾಗಿ ಅಭಿಪ್ರಾಯ ಬರೆಯುವ ವಾರ ಅದು, ಸರ್ವರ್ ನಿಲ್ಲಿಸಬೇಡಿ ಎಂದರು ಆ ವಿಭಾಗದವರು. ಶುಕ್ರವಾರ ವರದಿ ಕೊಡಬೇಕಿತ್ತು. "ಆಯಿತು" ಎಂದು ಬರೆದು ಸಹಿ ಹಾಕಿದೆ.

ನಮ್ಮಲ್ಲಿ ಪದ್ಧತಿ ಇತ್ತಲ್ಲ — ಒಬ್ಬರು ಮಾಡುವುದು, ಇನ್ನೊಬ್ಬರು ಸರ್ವರ್ ತೆರೆದು ನೋಡಿ ಪಕ್ಕದಲ್ಲಿ ಸಹಿ ಹಾಕುವುದು. ನಾನು ರಿಜಿಸ್ಟರ್ ತಂದಾಗ ನೀವು ಊಟಕ್ಕೆ ಕೂತಿದ್ದಿರಿ. "ನೀ ಮಾಡೀನಿ ಅಂದ್ರ ಮುಗೀತು ತಂಗೀ, ನಾ ಮತ್ತೇನ್ ನೋಡ್ಲಿ?" ಎಂದು ಶೇಂಗಾ ಚಟ್ನಿ ಹತ್ತಿದ ಬೆರಳು ಒರೆಸಿಕೊಂಡು ಸಹಿ ಮಾಡಿದಿರಿ.

ಸೋಮವಾರ ಹಾಕಿದರಾಯಿತು ಎಂದುಕೊಂಡಿದ್ದೆ, ಅದು ಖರೆ. ಆದರೆ ಸೋಮವಾರ ಹಾಕಲು ನಿಮ್ಮಲ್ಲಿ ಮತ್ತೆ ಅನುಮತಿ ಕೇಳಬೇಕು. ಕೇಳಿದರೆ ಶುಕ್ರವಾರದ ಸುಳ್ಳು ಹೊರಬೀಳುತ್ತದೆ. ಅಷ್ಟಕ್ಕೇ ಹೆದರಿದೆ.

ಅದೇ ಸೋಮವಾರ ನೀವು ಸಾಹೇಬರ ಕೋಣೆಗೆ ಎರಡು ಸಲ ಹೋದಿರಿ. ಬಾಗಿಲು ಹಾಕಿತ್ತು. ಹೊರಬಂದು ನನ್ನನ್ನು ಕಂಡು ಮಾತು ಬದಲಿಸಿದಿರಿ — ಅಥವಾ ನನಗೆ ಹಾಗನ್ನಿಸಿತು. ನನ್ನ ಬಗ್ಗೆ ಏನೋ ಕೆಟ್ಟದ್ದು ಬರೆದಿದ್ದೀರಿ ಎಂಬ ಅನುಮಾನ ಹೊಕ್ಕಿತು. ಹೊಕ್ಕ ಮೇಲೆ ಎಲ್ಲವೂ ಸಾಕ್ಷಿಯೇ. ನೀವು ತೆಲುಗಿನಲ್ಲಿ ಯಾರೊಡನೆಯೋ ನಕ್ಕರೆ, ಅದು ನನ್ನನ್ನು ಕುರಿತೇ. ಊಟದಲ್ಲಿ ನನಗೊಂದು ರೊಟ್ಟಿ ಹೆಚ್ಚು ಕೊಟ್ಟರೆ, ಅಪರಾಧ ಮಾಡಿದವರು ಹೀಗೇ ಕೊಡುವುದು! ನಾನು ಎಂಥವಳು ನೋಡಿ.

ಮೂರನೆಯ ಸರ್ವರಿನ ದೋಷ ಮುಚ್ಚಿಲ್ಲವೆಂದು ಗೊತ್ತಿದ್ದುದು ನನಗೊಬ್ಬಳಿಗೇ. ನನ್ನ ಸಣ್ಣ ಖಾತೆಯಿಂದಲೇ ಅದರಲ್ಲಿ ಒಂದು ಆಜ್ಞೆ ಅಡಗಿಸಿಟ್ಟೆ. ಮಧ್ಯಾಹ್ನ ನಿಮ್ಮ ದಿನದ ಕೆಲಸ ಓಡಿದಾಗ ಅದೂ ಓಡಿತು, ಎಲ್ಲರ ಅಭಿಪ್ರಾಯಗಳ ಪ್ರತಿ ನನಗೆ ಸಿಗುವಲ್ಲಿ ಬಂದು ಬಿತ್ತು. ನನ್ನದೊಂದನ್ನೇ ಓದಿದೆ ಎಂದು ಬರೆಯಹೊರಟಿದ್ದೆ — ಇಲ್ಲ, ಎಲ್ಲರದನ್ನೂ ಓದಿದೆ. ನನ್ನ ಹೆಸರಿನ ಮುಂದೆ ನೀವು ಬರೆದದ್ದು: "ಕೆಲಸ ಬಲ್ಲವಳು. ತಪ್ಪಾದಾಗ ತಾನೇ ಬಂದು ಹೇಳುವುದನ್ನು ಇನ್ನೂ ಕಲಿಯಬೇಕು."

ಮೈಯೆಲ್ಲ ಉರಿಯಿತು. ಆ ಮಾತು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಎರಡು ವಾರಕ್ಕೆ ತಪಾಸಣೆಯವರು ಬಂದರು. ನಿಮ್ಮ ಖಾತೆಯಿಂದ ಗುಟ್ಟಿನ ಕಡತದ ಪ್ರತಿ ತೆಗೆದದ್ದು ದಾಖಲೆಯಲ್ಲಿತ್ತು. ಸರ್ವರಿನಲ್ಲಿ ಪ್ಯಾಚ್ ಇರಲಿಲ್ಲ. ಅದು ಎಂದೂ ಇರಲೇ ಇಲ್ಲವೆಂದು ಗೊತ್ತಾಗಿದ್ದರೆ, ಬೇರೆ ಯಾರಾದರೂ ನಿಮ್ಮ ಹೆಸರಿನಲ್ಲಿ ಮಾಡಿರಬಹುದು ಎಂಬ ಯೋಚನೆ ಅವರಿಗೆ ಬರುತ್ತಿತ್ತು. ಸಾಹೇಬರು ನಿಮ್ಮೆದುರೇ ನನ್ನನ್ನು ಕೇಳಿದರು. ನಾನು ಹೇಳಿದೆ: "ನಾನು ಹಾಕಿದ್ದೆ ಸರ್. ಇವರೇ ನೋಡಿ ಸಹಿ ಮಾಡಿದ್ದಾರೆ. ಆಮೇಲೆ ಯಾರು ತೆಗೆದರೋ — ಶುಕ್ರವಾರದ ನಂತರ ಪ್ಯಾಚ್ ಮುಟ್ಟುವ ಅನುಮತಿ ನನಗಿರಲಿಲ್ಲ."

ಅನುಮತಿ ಇದ್ದದ್ದು ನಿಮಗೊಬ್ಬರಿಗೇ; ಅನುಮಾನ ಬೇರೆಯವರ ಮೇಲೆ ಹೋಗಲೆಂದು ನೀವೇ ಪ್ಯಾಚ್ ತೆಗೆದಿರಿ ಎಂದಾಯಿತು. ಹೆಸರು ಹೇಳದೆಯೇ ನಿಮ್ಮ ಹೆಸರು ಹೇಳಿದೆ.

ನೀವು ನನ್ನ ಮುಖ ನೋಡಿದಿರಿ. ಆಮೇಲೆ ಆಫೀಸಿನ ಹಿಂದಿಯಲ್ಲಿ ಸಾಹೇಬರಿಗೆ ಇಷ್ಟೇ ಹೇಳಿದಿರಿ: ನೋಡಿಯೇ ಸಹಿ ಮಾಡಿದ್ದೇನೆ.

ನೋಡದೆ ಮಾಡಿದೆ ಎಂದಿದ್ದರೆ ಬೈಸಿಕೊಂಡು ಹೊರಬರುತ್ತಿದ್ದಿರಿ, ನಾನು ಸಿಕ್ಕಿಬೀಳುತ್ತಿದ್ದೆ. ಯಾಕೆ ಹಾಗೆ ಹೇಳಿದಿರಿ? ಸೋಮಾರಿತನ ಮುಚ್ಚಿಕೊಳ್ಳಲು ಎಂದು ಬಹಳ ದಿನ ನಂಬಿದೆ, ನಂಬಿದರೆ ನನಗೆ ನಿದ್ದೆ ಬರುತ್ತಿತ್ತು. ನನ್ನನ್ನು ಉಳಿಸಲಿಕ್ಕೋ ಎಂದು ಆಮೇಲೆ... ಅದನ್ನು ಪೂರ್ತಿ ಯೋಚಿಸಲು ಇವತ್ತಿಗೂ ಆಗುತ್ತಿಲ್ಲ. ನೀವು ರಾಜೀನಾಮೆ ಕೊಟ್ಟಿರಿ. ನಿಮ್ಮ ಕುರ್ಚಿ, ನಿಮ್ಮ ಮಿತಿಯಿಲ್ಲದ ಖಾತೆ, ಎರಡೂ ನನಗೆ ಬಂದವು.

ಒಮ್ಮೆ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಮಗಳ ಜೊತೆ ಸಿಕ್ಕಿದಿರಿ. ಯಾವುದೋ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ ಎಂದಿರಿ. "ಕೆಲಸ ಹೆಂಗ ನಡದೈತಿ ತಂಗೀ? ಎಲ್ಲಾ ಚಲೋ ಐತಿಲ್ಲ?" ಎಂದು ಕೇಳಿದಿರಿ. ಒಂದೊಂದು ಮಾತನ್ನೂ ತೂಗಿದೆ — ಚುಚ್ಚುತ್ತಿದ್ದಾರೆಯೇ, ಎಲ್ಲ ಗೊತ್ತಿದೆಯೇ? ಮಗಳು ಆಚೆ ಮುಖ ತಿರುಗಿಸಿದಳು. ಬಸ್ಸು ಬಂತೇ ಎಂದು ನೋಡಿದಳೋ ಏನೋ. ನಾನು ಎದುರಿಗೆ ಬಂದ ಯಾವುದೋ ಬಸ್ಸು ಹತ್ತಿ ಹೋದೆ.

ಈಗ ನಾನು ಯಾರನ್ನೂ ನಂಬುವುದಿಲ್ಲ, ಅಣ್ಣ. ಒಂದೇ ಸರ್ವರನ್ನು ಮೂರು ಸಲ ತೆರೆದು ನೋಡುತ್ತೇನೆ. ಸಹಿ ಮಾಡಿಸಿಕೊಳ್ಳಲು ಬರುವ ಹುಡುಗಿಯರು ನನ್ನನ್ನು ಕಂಡರೆ ಹೆದರುತ್ತಾರೆ, ಬಹಳ ಶಿಸ್ತು ಎನ್ನುತ್ತಾರೆ. ಕಳೆದ ವಾರ ನನ್ನ ಕೈಕೆಳಗಿನ ಸ್ವಪ್ನ ಬಂದು, "ಮೇಡಂ, ನಿನ್ನೆ ಒಂದು ಸರ್ವರ್ ಆಯಿತು ಅಂತ ಬರೆದುಬಿಟ್ಟೆ, ಮಾಡಿರಲಿಲ್ಲ. ಈಗ ಮಾಡಲಾ?" ಎಂದಳು. ಇದರ ಹಿಂದೆ ಇನ್ನೇನು ಬಚ್ಚಿಡುತ್ತಿದ್ದಾಳೆ ಎಂದು ಮಧ್ಯಾಹ್ನವೆಲ್ಲ ಅವಳ ಖಾತೆ ಜಾಲಾಡಿದೆ. ಏನೂ ಇರಲಿಲ್ಲ. ಮರೆತಿದ್ದಳು, ನೆನಪಾಯಿತು, ಬಂದು ಹೇಳಿದಳು. ಅವಳಿಗೆ ಎರಡು ನಿಮಿಷ ಹಿಡಿಯಿತು. ಮಲ್ಕಾಜ್‌ಗಿರಿಗೆ ಹೋಗುವ ರೈಲಿನಲ್ಲಿ ಕೂತು ಅತ್ತೆ.

ಇವತ್ತು ಬೆಳಿಗ್ಗೆ ಇದನ್ನೆಲ್ಲ ಬರೆದು ಆಫೀಸಿಗೆ ಕೊಟ್ಟಿದ್ದೇನೆ. ಪ್ರತಿ ಇದರ ಜೊತೆಗಿದೆ. ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಕ್ಷಮೆ ಕೇಳಲು ನನಗೆ ಮುಖವಿಲ್ಲ. ಆ ದಿನ ಯಾಕೆ ಹಾಗೆ ಹೇಳಿದಿರಿ ಎಂದೂ ಕೇಳುವುದಿಲ್ಲ, ಕೇಳಿದರೆ ನಿಮ್ಮ ಉತ್ತರವನ್ನೂ ಅನುಮಾನಿಸುವವಳು ನಾನು.

ಒಂದು ಮಾತು ಮಾತ್ರ. ಆಫೀಸಿಗೆ ಕೊಟ್ಟಿದ್ದೇನೆ ಎಂಬ ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಆಫೀಸಿಗೆ ಫೋನ್ ಮಾಡಿ. ಈ ಸಲ ಕೇಳಿ ನೋಡಿ, ಅಣ್ಣ.